ಮಗನ ಫಾಸ್ಟಿಂಗ್ ಶುಗರ್ ನಾರ್ಮಲ್, ಆದರೂ ಇನ್ಸುಲಿನ್ ರೆಸಿಸ್ಟೆನ್ಸ್ ಅಂತಾರೆ. ಬ್ರೆಡ್ಡು ಬಿಸ್ಕೆಟ್ಟೇ ಕಾರಣವಾ?

ನಿದ್ದೆಗೆಟ್ಟವಳು · ರಾತ್ರಿ 11:42

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ 11 ವರ್ಷ. ಚಿಕ್ಕಂದಿನಿಂದಲೂ ಮೈಕೈ ತುಂಬಿಕೊಂಡ ಹುಡುಗ. ಎರಡು ವರ್ಷದಿಂದ ತೂಕ ಏರುತ್ತಲೇ ಇದೆ. ಆರು ತಿಂಗಳ ಹಿಂದೆ ಕತ್ತಿನ ಹಿಂಭಾಗದಲ್ಲಿ ಕಪ್ಪಗೆ ಪಟ್ಟಿಯ ಹಾಗೆ ಕಾಣಿಸಿತು. ಸರಿಯಾಗಿ ಸ್ನಾನ ಮಾಡುತ್ತಿಲ್ಲ ಅಂದುಕೊಂಡೆ. ಒಂದು ಭಾನುವಾರ ನಾನೇ ಕೂರಿಸಿಕೊಂಡು ಸೋಪು ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದೆ. ಕತ್ತು ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. "ಅಮ್ಮ, ಉರಿಯುತ್ತೆ. ಅದು ಕೊಳೆ ಅಲ್ಲಮ್ಮ" ಅಂದ. ಆ ಮಾತು ಈಗಲೂ ಕಿವಿಯಲ್ಲಿದೆ.

ಹೋದ ವಾರ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ನೋಡಿದ್ದೇ ಕತ್ತನ್ನು. ರಕ್ತ ಪರೀಕ್ಷೆ ಬರೆದುಕೊಟ್ಟರು. ಫಾಸ್ಟಿಂಗ್ ಶುಗರ್ 92, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 5.5. ಎರಡೂ ನಾರ್ಮಲ್. ಫಾಸ್ಟಿಂಗ್ ಇನ್ಸುಲಿನ್ ಮಾತ್ರ ಜಾಸ್ತಿ, 22. "ಸಕ್ಕರೆ ಕಾಯಿಲೆ ಅಲ್ಲ. ಆದರೆ ಇನ್ಸುಲಿನ್ ರೆಸಿಸ್ಟೆನ್ಸ್ ಇದೆ. ರಿಫೈನ್ಡ್ ಕಾರ್ಬ್ ಕಡಿಮೆ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಹೊರಗೆ ಸಾಲು ಕಾಯುತ್ತಿತ್ತು, ನಾನೂ ಹೆಚ್ಚು ಕೇಳಲು ಹೋಗಲಿಲ್ಲ.

ಈಗ ತಲೆ ತುಂಬಾ ಪ್ರಶ್ನೆ. ಶುಗರ್ ಸರಿ ಇದ್ದ ಮೇಲೆ ಗಾಬರಿ ಯಾಕೆ? ರಿಫೈನ್ಡ್ ಕಾರ್ಬ್ ಅಂದರೆ ಬ್ರೆಡ್ಡು, ಬಿಸ್ಕೆಟ್ಟು, ನೂಡಲ್ಸ್ ಅಷ್ಟೇನಾ, ಬಿಳಿ ಅನ್ನವೂ ಸೇರಿತಾ? ಎಲ್ಲಾ ಒಂದೇ ಸಲ ನಿಲ್ಲಿಸಬೇಕಾ? ಬೆಳೆಯುವ ಮಗು, ಹಸಿವು ಅಂದರೆ ಏನು ಕೊಡಲಿ?

ಬೆಳ್ಳುಳ್ಳಿ ಬುಟ್ಟಿ · ರಾತ್ರಿ 11:58

ಅಕ್ಕಾ, ನೀವೊಬ್ಬರೇ ಅಲ್ಲ. ನನ್ನ ಮಗಳಿಗೆ ಕತ್ತು, ಕಂಕುಳು ಎರಡೂ ಕಡೆ ಹಾಗೇ ಇತ್ತು. ನಾನು ಮೂರು ಬಗೆ ಕ್ರೀಮು ಹಚ್ಚಿ ದುಡ್ಡು ಕಳೆದೆ. ನಾಲ್ಕನೆಯದನ್ನು ಕೇಳಲು ಹೋದಾಗ ಔಷಧಿ ಅಂಗಡಿಯವನೇ "ಮೊದಲು ಡಾಕ್ಟರಿಗೆ ತೋರಿಸಿ ಮೇಡಂ" ಅಂದ. ಪುಣ್ಯಾತ್ಮ.

ಸೊನ್ನೆ ಸಕ್ಕರೆ · ರಾತ್ರಿ 12:10

ಇದರಲ್ಲಿ ಯೋಚನೆ ಮಾಡುವುದು ಏನಿದೆ? ಕಾರ್ಬ್, ಅಂದರೆ ಪಿಷ್ಟ ಸಕ್ಕರೆ, ತಿಂದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದರೆ ಕೊಬ್ಬು ಕೂಡುತ್ತದೆ. ಕಾರ್ಬ್ ನಿಲ್ಲಿಸಿ, ಎರಡು ವಾರದಲ್ಲಿ ನೋಡಿ. ನಾನು 18 ಕೆಜಿ ಇಳಿಸಿದ್ದು ಹೀಗೇ.

ತಕ್ಕಡಿ · ರಾತ್ರಿ 12:14

ನಿಮಗೆಷ್ಟು ವರ್ಷ ಸ್ವಾಮಿ? 11 ಅಲ್ಲ ತಾನೇ?

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ಬೆಳಿಗ್ಗೆ 6:35

ರಜೆಯಲ್ಲಿದ್ದರೂ ಬೆಳಿಗ್ಗೆ ಐದಕ್ಕೇ ಎಚ್ಚರ. ಕೂತು ಬರೆಯುತ್ತೇನೆ. ನಿಮ್ಮ ಮಗನನ್ನು ನಾನು ನೋಡಿಲ್ಲ, ಹಾಗಾಗಿ ಇದು ಸಾಮಾನ್ಯ ವಿವರಣೆ ಅಷ್ಟೇ.

ಶುಗರ್ ನಾರ್ಮಲ್ ಇದ್ದರೆ ಗಾಬರಿ ಯಾಕೆ ಅಂದಿರಿ. ಒಂದು ಹೊಲದ ಕಳೆ ಕೀಳಲು ಇಬ್ಬರು ಆಳು ಸಾಕು ಅಂದುಕೊಳ್ಳಿ. ಅದೇ ಕೆಲಸಕ್ಕೆ ಈಗ ಐದು ಆಳು ಹಚ್ಚಿದ್ದೀರಿ. ಸಂಜೆ ಹೋಗಿ ನೋಡಿದರೆ ಹೊಲ ಚೊಕ್ಕಟ. ಎಲ್ಲಾ ಸರಿಯಾಗಿದೆ ಅನಿಸುತ್ತದೆ. ಕೂಲಿ ಲೆಕ್ಕ ತೆಗೆದಾಗಲೇ ವಿಷಯ ಗೊತ್ತಾಗುವುದು. ಫಾಸ್ಟಿಂಗ್ ಶುಗರ್ ಅಂದರೆ ಹೊಲ. ಇನ್ಸುಲಿನ್ ಅಂದರೆ ಆಳು. ಲಿವರ್, ಮಾಂಸಖಂಡ, ಕೊಬ್ಬಿನ ಜೀವಕೋಶಗಳು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದೇ ಇದ್ದಾಗ (ಇದೇ ಇನ್ಸುಲಿನ್ ರೆಸಿಸ್ಟೆನ್ಸ್) ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಸುರಿದು ಶುಗರ್ ಅನ್ನು ಹತೋಟಿಯಲ್ಲಿ ಇಡುತ್ತದೆ. ಹೀಗೆ ವರ್ಷಗಟ್ಟಲೆ ನಡೆಯಬಹುದು. ಆಳುಗಳು ಸುಸ್ತಾದ ದಿನ ಶುಗರ್ ಏರುತ್ತದೆ. ಫಾಸ್ಟಿಂಗ್ ಶುಗರ್ 100ರಿಂದ 125 ಇದ್ದರೆ ಪ್ರೀಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 126 ಮುಟ್ಟಿದರೆ ಡಯಾಬಿಟಿಸ್. ಎಚ್‌ಬಿಎ1ಸಿ ಲೆಕ್ಕದಲ್ಲಿ 5.7 ಮತ್ತು 6.5. ನಿಮ್ಮ ಮಗ ಎರಡಕ್ಕೂ ಕೆಳಗೇ ಇದ್ದಾನೆ. ಅಂದರೆ ಒಳ್ಳೆಯ ಹೊತ್ತಿನಲ್ಲೇ ಗೊತ್ತಾಗಿದೆ.

ಕತ್ತಿನ ಕಪ್ಪಿಗೆ ಅಕಾಂಥೋಸಿಸ್ ನಿಗ್ರಿಕಾನ್ಸ್ ಅಂತ ಹೆಸರು. ಮುಟ್ಟಿದರೆ ಮಖಮಲ್ಲಿನ ಹಾಗೆ ಸ್ವಲ್ಪ ದಪ್ಪ ಇರುತ್ತದೆ. ರಕ್ತದಲ್ಲಿ ಜಾಸ್ತಿ ಇರುವ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಬೆಳೆಯುವಂತೆ ಕೆಣಕುವುದರಿಂದ ಹಾಗಾಗುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಎಷ್ಟೋ ತಾಯಂದಿರು ಉಜ್ಜಿಯೇ ನನ್ನ ಹತ್ತಿರ ಬಂದಿರುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು. 11 ವರ್ಷ ಅಂದರೆ ಪ್ರಾಯಕ್ಕೆ ಕಾಲಿಡುವ ಹೊತ್ತು. ಆಗ ಬೆಳವಣಿಗೆಯ ಹಾರ್ಮೋನು ಏರುವುದರಿಂದ ತೆಳ್ಳಗಿನ ಮಕ್ಕಳಲ್ಲೂ ಇನ್ಸುಲಿನ್ ಕೆಲಸ ತಾತ್ಕಾಲಿಕವಾಗಿ ಮಂದವಾಗುತ್ತದೆ, ಪ್ರಾಯ ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ. ತೂಕ ಜಾಸ್ತಿ ಇರುವ ಮಕ್ಕಳಿಗೆ ಈ ಹೊರೆ ಮೊದಲೇ ಇದ್ದ ಹೊರೆಯ ಮೇಲೆ ಬೀಳುತ್ತದೆ. ಹಾಗಾಗಿ 22 ಅನ್ನುವ ಸಂಖ್ಯೆಯಲ್ಲಿ ವಯಸ್ಸಿನ ಪಾಲೂ ಇದೆ.

ಲ್ಯಾಬ್ ಕೋಟು · ಬೆಳಿಗ್ಗೆ 7:20

ಡಾಕ್ಟರ್ ಹೇಳಿದ್ದಕ್ಕೆ ಒಂದು ಬಾಲ. ರಿಪೋರ್ಟಿನಲ್ಲಿ ಎಚ್‌ಒಎಂಎ-ಐಆರ್ ಅಂತ ಒಂದು ಸಾಲು ಇರಬಹುದು. ರೆಸಿಸ್ಟೆನ್ಸ್ ಎಷ್ಟಿದೆ ಅಂತ ಅಂದಾಜು ಮಾಡುವ ಅಂಕಿ ಅದು. ಮಾಯ ಅಲ್ಲ, ಬರೀ ಗುಣಾಕಾರ. ಫಾಸ್ಟಿಂಗ್ ಇನ್ಸುಲಿನ್ ಗುಣಿಸು ಫಾಸ್ಟಿಂಗ್ ಶುಗರ್, ಭಾಗಿಸು 405. ನಿಮ್ಮ ಮಗನದು 22 × 92 ÷ 405, ಅಂದರೆ ಹತ್ತಿರ ಹತ್ತಿರ 5. ಜಾಸ್ತಿಯೇ. ಆದರೆ ಮಕ್ಕಳಲ್ಲಿ ಇಷ್ಟು ದಾಟಿದರೆ ರೋಗ ಅಂತ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಮೇಲಾಗಿ ಇನ್ಸುಲಿನ್ ಅಳೆಯುವ ಕಿಟ್ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ. ಇಲ್ಲಿ 22 ಬಂದಿದ್ದು ಪಕ್ಕದ ಲ್ಯಾಬಿನಲ್ಲಿ 17 ಬಂದರೆ ನನಗಂತೂ ಆಶ್ಚರ್ಯ ಆಗುವುದಿಲ್ಲ.

ಆಮೇಲೆ, ನಿಜವಾಗಿ ಖಾಲಿ ಹೊಟ್ಟೆನಾ? ಒಂದು ಸಲ ಒಬ್ಬ ಹುಡುಗನ ಕೈಗೆ ಪಟ್ಟಿ ಕಟ್ಟುತ್ತಿದ್ದೆ. ತೋಳು ಮಡಚಿದಾಗ ಅಂಗಿ ಜೇಬಿನಿಂದ ಬಿಸ್ಕೆಟ್ ಪುಡಿ ಉದುರಿತು. ಅಮ್ಮ ನೋಡಿದರು. ಅವನು "ಒಂದೇ ಒಂದಮ್ಮ" ಅಂದ. ಪ್ಯಾಕೆಟ್ ತೆಗೆದು ನೋಡಿದರೆ ಉಳಿದಿದ್ದೇ ಒಂದು.

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ಬೆಳಿಗ್ಗೆ 7:31

ಹಹ್ಹಾ. ಲ್ಯಾಬ್ ಕೋಟು ಹೇಳಿದ್ದು ಸರಿ. ನಾನೂ ಎಲ್ಲರಿಗೂ ಇನ್ಸುಲಿನ್ ಟೆಸ್ಟ್ ಬರೆಯುವುದಿಲ್ಲ. ಕತ್ತು, ಸೊಂಟದ ಸುತ್ತಳತೆ, ಬಿಪಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ, ಬಸುರಿನಲ್ಲಿ ತಾಯಿಗೆ ಶುಗರ್ ಇತ್ತಾ, ಇಷ್ಟು ಗೊತ್ತಾದರೆ ಅರ್ಧ ಉತ್ತರ ಸಿಗುತ್ತದೆ. ಕೊಲೆಸ್ಟ್ರಾಲ್, ಎಎಲ್‌ಟಿ (ಲಿವರಿಗೆ ತೊಂದರೆಯಾದರೆ ರಕ್ತದಲ್ಲಿ ಏರುವ ಕಿಣ್ವ) ನೋಡಿಸಿದ್ದೀರಾ? ಇಲ್ಲದಿದ್ದರೆ ಮುಂದಿನ ಸಲ ಕೇಳಿ.

ನಿದ್ದೆಗೆಟ್ಟವಳು · ಬೆಳಿಗ್ಗೆ 8:05

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಆಳಿನ ಲೆಕ್ಕ ಓದಿದ ಮೇಲೆ ಮೊದಲ ಸಲ ಅರ್ಥ ಆಯಿತು. ಬಸುರಿಯಾಗಿದ್ದಾಗ ನನಗೆ ಶುಗರ್ ಇತ್ತು. ಹೆರಿಗೆ ಆದ ಮೇಲೆ ಹೋಯಿತು ಅಂತ ಅದನ್ನು ಮರೆತೇ ಬಿಟ್ಟಿದ್ದೆ. ಅಂದರೆ ತಪ್ಪು ನನ್ನದೇನಾ?

ಬೆಳ್ಳುಳ್ಳಿ ಬುಟ್ಟಿ · ಬೆಳಿಗ್ಗೆ 8:07

ಅಯ್ಯೋ ಬಿಡಿ ಅಕ್ಕಾ. ಶುಗರ್ ಏನು ನಿಮ್ಮನ್ನು ಕೇಳಿಕೊಂಡು ಬಂತಾ?

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ಬೆಳಿಗ್ಗೆ 8:20

ತಪ್ಪು ಅಲ್ಲ, ಮಾಹಿತಿ. ನಿಮ್ಮ ಡಾಕ್ಟರಿಗೆ ಇದನ್ನು ಹೇಳಿ. ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡಬೇಕು ಅನ್ನುವುದು ಅದರ ಮೇಲೂ ನಿಲ್ಲುತ್ತದೆ. ಹಾಗೇ ನಿಮ್ಮ ಶುಗರ್ ಕೂಡ ನೋಡಿಸಿಕೊಳ್ಳಿ.

ಸೊನ್ನೆ ಸಕ್ಕರೆ · ಬೆಳಿಗ್ಗೆ 9:15

ಎಲ್ಲಾ ಸರಿ, ಆದರೆ ಮೂಲ ವಿಷಯ ಬಿಟ್ಟು ಸುತ್ತುತ್ತಿದ್ದೀರಿ. ಮೂಲ ಕಾರ್ಬ್. 1999ರಲ್ಲಿ ಅಮೆರಿಕದಲ್ಲಿ ಡೇವಿಡ್ ಲುಡ್ವಿಗ್ ಅನ್ನುವ ಡಾಕ್ಟರು 12 ದಪ್ಪ ಹುಡುಗರ ಮೇಲೆ ಪ್ರಯೋಗ ಮಾಡಿದರು. ಒಂದು ದಿನ ಇನ್‌ಸ್ಟಂಟ್ ಓಟ್ಸ್, ಒಂದು ದಿನ ದಪ್ಪಗೆ ಕತ್ತರಿಸಿದ ಓಟ್ಸ್, ಒಂದು ದಿನ ತರಕಾರಿ ಆಮ್ಲೆಟ್. ಕ್ಯಾಲೊರಿ ಮೂರಕ್ಕೂ ಒಂದೇ. ಆಮೇಲೆ ಎಷ್ಟು ಬೇಕಾದರೂ ತಿನ್ನಿ ಅಂತ ಬಿಟ್ಟರು. ಇನ್‌ಸ್ಟಂಟ್ ಓಟ್ಸ್ ತಿಂದ ದಿನ ಆಮ್ಲೆಟ್ ದಿನಕ್ಕಿಂತ ಶೇ 81ರಷ್ಟು ಜಾಸ್ತಿ ತಿಂದರು. ಇದಕ್ಕೆ ಏನಂತೀರಿ?

ತಕ್ಕಡಿ · ಬೆಳಿಗ್ಗೆ 9:40

ಒಳ್ಳೆಯ ಪ್ರಯೋಗ ಅಂತೀನಿ. ಆದರೆ 12 ಹುಡುಗರು, ಒಂದೊಂದೇ ದಿನ. ಆಮ್ಲೆಟ್‌ನಲ್ಲಿ ಪ್ರೋಟೀನ್ ಜಾಸ್ತಿ. ಹೊಟ್ಟೆ ತುಂಬಿದ್ದು ಕಾರ್ಬ್ ಕಡಿಮೆಯಾಗಿದ್ದಕ್ಕೋ ಪ್ರೋಟೀನ್ ಜಾಸ್ತಿಯಾಗಿದ್ದಕ್ಕೋ? ನನಗೆ ಅದರಲ್ಲಿ ಇಷ್ಟವಾಗಿದ್ದು ನೀವು ಬಿಟ್ಟ ಭಾಗ. ಎರಡೂ ಓಟ್ಸೇ. ಒಂದೇ ಧಾನ್ಯ. ಆದರೂ ಇನ್‌ಸ್ಟಂಟ್ ದಿನ ಶೇ 53ರಷ್ಟು ಜಾಸ್ತಿ ತಿಂದರು. ಅಂದರೆ ತಪ್ಪು ಕಾರ್ಬಿನದಲ್ಲ, ಅದನ್ನು ಏನು ಮಾಡಿ ತಟ್ಟೆಗೆ ಹಾಕಿದರು ಅನ್ನುವುದರದು. ನಿಮ್ಮ ಸಾಕ್ಷಿಯೇ ನಿಮ್ಮ ವಿರುದ್ಧ ಮಾತಾಡಿತಲ್ಲ!

ಇನ್ನೊಂದು ಕೇಳಿ. ಅಮೆರಿಕದ ಮಕ್ಕಳ ಡಾಕ್ಟರ್ ರಾಬರ್ಟ್ ಲಸ್ಟಿಗ್ ತಂಡ ತೂಕ ಜಾಸ್ತಿ ಇದ್ದ 40ಕ್ಕೂ ಹೆಚ್ಚು ಮಕ್ಕಳಿಗೆ 9 ದಿನ ಸಕ್ಕರೆ ಕಡಿಮೆ ಮಾಡಿ, ಅಷ್ಟೇ ಕ್ಯಾಲೊರಿಯ ಪಿಷ್ಟ ಕೊಟ್ಟಿತು. ಕಾರ್ಬ್ ಅಷ್ಟೇ ಇತ್ತು. ತೂಕ ಇಳಿಯದ ಹಾಗೆ ನೋಡಿಕೊಂಡರು. ಆದರೂ ಫಾಸ್ಟಿಂಗ್ ಇನ್ಸುಲಿನ್ ಇಳಿಯಿತು, ಲಿವರ್ ಕೊಬ್ಬೂ ಇಳಿಯಿತು. ಅಂದರೆ ಮೊದಲ ಕಳ್ಳ ಸಕ್ಕರೆ, ಅದರಲ್ಲೂ ಅದರೊಳಗಿನ ಫ್ರಕ್ಟೋಸ್.

ಸೊನ್ನೆ ಸಕ್ಕರೆ · ಬೆಳಿಗ್ಗೆ 9:52

ಅದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ನನ್ನದಕ್ಕೆ ಒಂದು ನ್ಯಾಯ, ನಿಮ್ಮದಕ್ಕೆ ಒಂದು ನ್ಯಾಯ?

ತಕ್ಕಡಿ · ಬೆಳಿಗ್ಗೆ 9:55

ಇರಲಿಲ್ಲ, ಒಪ್ಪಿದೆ. ಒಂದೊಂದು ಅಂಕ.

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ಬೆಳಿಗ್ಗೆ 10:30

ಜಗಳ ಚೆನ್ನಾಗಿದೆ, ಮುಂದುವರಿಸಿ. ಆದರೆ ಈ ತಾಯಿ ನಾಳೆ ಅಡುಗೆ ಮಾಡಬೇಕಲ್ಲ. ಇಬ್ಬರ ಮಾತಿನಲ್ಲೂ ಇರುವ ಸತ್ಯ ಹೇಳುತ್ತೇನೆ.

ಫ್ರಕ್ಟೋಸ್ ಬಹುಪಾಲು ಲಿವರಿನಲ್ಲೇ ಕರಗುವ ಸಕ್ಕರೆ. ಜ್ಯೂಸು, ಕೋಲಾ ಮೂಲಕ ಒಂದೇ ಸಲ ಬಂದು ಬಿದ್ದರೆ ಲಿವರ್ ಅದನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ, ಬೇಡದ ಹೊತ್ತಿನಲ್ಲೂ ರಕ್ತಕ್ಕೆ ಗ್ಲುಕೋಸ್ ಬಿಡುತ್ತಲೇ ಇರುತ್ತದೆ. ಇನ್ನು ಮೈದಾ, ಬಿಳಿ ಬ್ರೆಡ್ಡು. ಇವು ಬೇಗ ಜೀರ್ಣವಾಗಿ ಗ್ಲುಕೋಸ್ ಥಟ್ಟನೆ ಏರುತ್ತದೆ, ಅದರ ಹಿಂದೆಯೇ ಇನ್ಸುಲಿನ್ನೂ ಏರುತ್ತದೆ. ಎರಡು ಮೂರು ಗಂಟೆಯಲ್ಲಿ ಮಗು ಮತ್ತೆ "ಅಮ್ಮ, ಏನಾದರೂ ಕೊಡು" ಅನ್ನುತ್ತದೆ. ಹೀಗೆ ದಿನಕ್ಕೆ ಹಲವು ಸಲ ಆದರೆ ಒಟ್ಟು ಊಟ ಹೆಚ್ಚುತ್ತದೆ, ತೂಕ ಏರುತ್ತದೆ. ಹೊಟ್ಟೆ, ಲಿವರ್, ಮಾಂಸಖಂಡದೊಳಗೆ ಸೇರಿಕೊಂಡ ಕೊಬ್ಬೇ ರೆಸಿಸ್ಟೆನ್ಸಿನ ಮುಖ್ಯ ಬೇರು. ಅಂದರೆ ರಿಫೈನ್ಡ್ ಕಾರ್ಬ್ ಒಂದು ದೊಡ್ಡ ಬಾಗಿಲು, ಒಂದೇ ಬಾಗಿಲಲ್ಲ. ಕರಿದಿದ್ದು, ನಿದ್ದೆ ಇಲ್ಲದ್ದು, ಕೂತಲ್ಲೇ ಕೂತಿರುವುದು, ಹುಟ್ಟಿನಿಂದ ಬಂದಿದ್ದು, ಎಲ್ಲಾ ಇವೆ.

ಕಾರ್ಬ್ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸುವ ಕೀಟೋ ಊಟ 1921ರಿಂದ ಮೂರ್ಛೆ ರೋಗಕ್ಕೆ ಚಿಕಿತ್ಸೆಯಾಗಿ ಬಳಕೆಯಲ್ಲಿದೆ. ಅದನ್ನು ಕೊಡುವಾಗ ಮಗುವಿನ ಎತ್ತರ, ಮೂಳೆ, ಕಿಡ್ನಿ ಕಲ್ಲು ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ವಾಟ್ಸಾಪ್ ನೋಡಿ ಮನೆಯಲ್ಲಿ ಮಾಡುವಂಥದ್ದಲ್ಲ. ಸೊನ್ನೆ ಸಕ್ಕರೆಯವರೇ, 18 ಕೆಜಿಗೆ ಅಭಿನಂದನೆ. ಆದರೆ ನೀವು ಇನ್ನು ಎತ್ತರ ಬೆಳೆಯಬೇಕಾಗಿಲ್ಲ.

ಸೊನ್ನೆ ಸಕ್ಕರೆ · ಬೆಳಿಗ್ಗೆ 10:41

ಸರಿ ಡಾಕ್ಟ್ರೇ, ಮಕ್ಕಳ ವಿಷಯದಲ್ಲಿ ವಾಪಸ್ ತೆಗೆದುಕೊಂಡೆ. ಬಿಸ್ಕೆಟ್ ವಿಷಯದಲ್ಲಿ ತೆಗೆದುಕೊಳ್ಳುವುದಿಲ್ಲ.

ಡಬ್ಬಿ ತಿರುಗಿಸುವವಳು · ಬೆಳಿಗ್ಗೆ 11:15

ನಾನು ಆಹಾರ ತಯಾರಿಕೆಯ ಕಡೆ ಕೆಲಸ ಮಾಡಿದವಳು, ಹಾಗಾಗಿ ಅಂಗಡಿಯಲ್ಲಿ ಏನು ಕೈಗೆತ್ತಿಕೊಂಡರೂ ಮೊದಲು ಹಿಂಭಾಗ ಓದುತ್ತೇನೆ. ಗಂಡನಿಗೆ ನಾಚಿಕೆ.

"ಯಾವುದು ರಿಫೈನ್ಡ್" ಅಂತ ಕೇಳಿದಿರಿ. ಕಾಳಿನಲ್ಲಿ ಮೂರು ಭಾಗ. ಹೊರಗೆ ತೌಡು, ಮೂಲೆಯಲ್ಲಿ ಮೊಳಕೆ, ಒಳಗೆ ಬಿಳಿ ಪಿಷ್ಟ. ನಾರು, ಬಿ ವಿಟಮಿನ್, ಖನಿಜ ಬಹುಪಾಲು ಮೊದಲ ಎರಡರಲ್ಲಿ. ಅವನ್ನು ತೆಗೆದು ಪಿಷ್ಟ ಮಾತ್ರ ಉಳಿಸಿದರೆ ಅದು ರಿಫೈನ್ಡ್. ಆ ಲೆಕ್ಕದಲ್ಲಿ ಮೈದಾ ಮತ್ತು ಪಾಲಿಶ್ ಮಾಡಿದ ಬಿಳಿ ಅಕ್ಕಿ ಎರಡೂ ಬರುತ್ತವೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ (ತಕ್ಕಡಿಯವರು ಕ್ಷಮಿಸಿ). ಅಕ್ಕಿ ಕನಿಷ್ಠ ಕಾಳಾಗಿಯೇ ಇದೆ, ಅದರ ಜೊತೆ ಬೇಳೆ, ತರಕಾರಿ, ಮೊಟ್ಟೆ ಸೇರುತ್ತದೆ. ಬಿಸ್ಕೆಟ್ ಜೊತೆ ಏನು ಸೇರುತ್ತದೆ? ಇನ್ನೊಂದು ಬಿಸ್ಕೆಟ್.

ಅನ್ನ ನಿಲ್ಲಿಸಬೇಡಿ. ತಟ್ಟೆಯ ಕಾಲು ಭಾಗಕ್ಕೆ ಇಳಿಸಿ. ಅರ್ಧ ತರಕಾರಿ, ಇನ್ನು ಕಾಲು ಭಾಗ ಬೇಳೆ ಕಾಳೋ ಮೊಟ್ಟೆಯೋ ಮೀನೋ.

ಬ್ರೆಡ್ ವಿಷಯದಲ್ಲಿ ಮೋಸ ಜಾಸ್ತಿ. ಬಣ್ಣ ಕಂದು ಇದ್ದರೆ ಗೋಧಿ ಅಂತಲ್ಲ, ಕ್ಯಾರಮೆಲ್ ಬಣ್ಣ ಹಾಕಿರಬಹುದು. "ಮಲ್ಟಿಗ್ರೇನ್" ಅಂದರೆ ಹಲವು ಧಾನ್ಯ ಅಷ್ಟೇ, ಇಡೀ ಧಾನ್ಯ ಅಂತಲ್ಲ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಹಾಗಾಗಿ ಮೊದಲ ಹೆಸರು ನೋಡಿ. ಅಲ್ಲಿ ಮೈದಾ ಇದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಸಕ್ಕರೆಯೂ ಒಂದೇ ಹೆಸರಲ್ಲಿ ಬರುವುದಿಲ್ಲ. ಗ್ಲುಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಹಣ್ಣಿನ ಸಾಂದ್ರ ರಸ. ಮಾಲ್ಟೋಡೆಕ್ಸ್‌ಟ್ರಿನ್ ಲೆಕ್ಕಕ್ಕೆ ಸಕ್ಕರೆ ಅಲ್ಲ, ಹೊಟ್ಟೆಗೆ ಹೋದ ಮೇಲೆ ಅದೂ ಗ್ಲುಕೋಸೇ.

ಅಜ್ಜ ಆನ್‌ಲೈನ್ · ಮಧ್ಯಾಹ್ನ 12:50

ನಾವು ಚಿಕ್ಕವರಿದ್ದಾಗ ಬಿಳಿ ಅನ್ನವೇ ತಿಂದೆವು, ಸಕ್ಕರೆ ಸಿಕ್ಕರೆ ಬಾಯಿಗೆ ಸುರಿದುಕೊಂಡೆವು. ಯಾರಿಗೂ ಕತ್ತು ಕಪ್ಪಾಗಲಿಲ್ಲ. ಈಗಿನ ಮಕ್ಕಳು ಕುರ್ಚಿ ಬಿಟ್ಟು ಏಳುವುದಿಲ್ಲ. ತಾಯಂದಿರು ಊಟ ಮಾಡಿಸುವುದೂ ಮೊಬೈಲ್ ತೋರಿಸಿಕೊಂಡೇ.

ಬೆಳ್ಳುಳ್ಳಿ ಬುಟ್ಟಿ · ಮಧ್ಯಾಹ್ನ 12:53

ಬಂತು ನೋಡಿ. ಅಜ್ಜಾ, ಅಪ್ಪಂದಿರು ಏನು ತೋರಿಸುತ್ತಾರೆ?

ಅಜ್ಜ ಆನ್‌ಲೈನ್ · ಮಧ್ಯಾಹ್ನ 12:59

ಅಪ್ಪಂದಿರು ತಾವೇ ನೋಡುತ್ತಿರುತ್ತಾರೆ.

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ಮಧ್ಯಾಹ್ನ 1:25

ಅಜ್ಜ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ಕೆಲಸ ಮಾಡುವ ಮಾಂಸಖಂಡ ಇನ್ಸುಲಿನ್ ಹೆಚ್ಚು ಇಲ್ಲದೆಯೂ ರಕ್ತದಿಂದ ಗ್ಲುಕೋಸ್ ಎಳೆದುಕೊಳ್ಳುತ್ತದೆ. 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ 7ರಿಂದ 11 ವರ್ಷದ, ತೂಕ ಜಾಸ್ತಿ ಇದ್ದ 222 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಶಾಲೆ ದಿನಗಳಲ್ಲಿ 20 ನಿಮಿಷ, ಇನ್ನೊಂದು 40 ನಿಮಿಷ ಏದುಸಿರು ಬರುವ ಹಾಗೆ ಆಡಿತು. ಮೂರನೆಯದು ಎಂದಿನಂತೆ ಇತ್ತು. 13 ವಾರ ಅಷ್ಟೇ. ಆಡಿದ ಎರಡೂ ಗುಂಪಿನಲ್ಲಿ ಇನ್ಸುಲಿನ್ ರೆಸಿಸ್ಟೆನ್ಸ್ ಇಳಿಯಿತು, 40 ನಿಮಿಷದವರಲ್ಲಿ ಇನ್ನೂ ಜಾಸ್ತಿ.

ನಿದ್ದೆಯನ್ನೂ ನೋಡಿ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನಾ? ಹೊಡೆದರೆ ಅದನ್ನೂ ಡಾಕ್ಟರಿಗೆ ಹೇಳಿ.

ಅನ್ನ ಆರಿಸುವವ · ಮಧ್ಯಾಹ್ನ 2:10

ಅನ್ನ ಮಾಡಿ ಫ್ರಿಜ್ಜಿನಲ್ಲಿಟ್ಟು ಮರುದಿನ ತಿಂದರೆ ಕಾರ್ಬ್ ಇರುವುದೇ ಇಲ್ಲವಂತೆ. ನಿಜವಾ?

ಡಬ್ಬಿ ತಿರುಗಿಸುವವಳು · ಮಧ್ಯಾಹ್ನ 2:18

ಅರ್ಧ ನಿಜ. ಆರಿದ ಅನ್ನ, ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಸ್ವಲ್ಪ ಮಾತ್ರ. ಉಳಿದ ಕಾರ್ಬ್ ಎಲ್ಲಿಗೂ ಓಡಿಹೋಗುವುದಿಲ್ಲ. ಮತ್ತೆ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟು ಆರಿಸಬೇಡಿ, ಬ್ಯಾಕ್ಟೀರಿಯಾ ಬೆಳೆದು ವಾಂತಿ ಭೇದಿ ಆಗುತ್ತದೆ. ಬೇಗ ಆರಿಸಿ ಫ್ರಿಜ್ಜಿಗೆ.

ಅನ್ನ ಆರಿಸುವವ · ಮಧ್ಯಾಹ್ನ 2:20

ಹೋಯಿತು, ನಾನು ಖುಷಿಯಾಗಿ ಎರಡು ತಟ್ಟೆ ಹೊಡೆಯುತ್ತಿದ್ದೆ.

ಹಳೇ ಗುಂಡಣ್ಣ · ಸಂಜೆ 5:45

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಎಲ್ಲರೂ ಏನು ಕೊಡಬೇಕು, ಏನು ಕೊಡಬಾರದು ಅಂತ ಹೇಳಿದಿರಿ. ಆ ಹುಡುಗನ ಜಾಗದಲ್ಲಿ ಇದ್ದವನು ನಾನು. ಈಗ ನನಗೆ 36.

ನನಗೆ ಹನ್ನೆರಡು ಆದಾಗ ಮನೆಯಲ್ಲಿ ಬಿಸ್ಕೆಟ್ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತಮ್ಮ ತೆಳ್ಳಗಿದ್ದ, ಅವನಿಗೆ ಮಾತ್ರ ಬೀಗ ತೆಗೆದು ಕೊಡುತ್ತಿದ್ದರು. ನನ್ನ ಎದುರಿಗೇ. ನಾನು ಪಾಕೆಟ್ ಮನಿಯಲ್ಲಿ ಪ್ಯಾಕೆಟ್ ತಂದು ಬಚ್ಚಲುಮನೆಯಲ್ಲಿ ತಿನ್ನಲು ಶುರು ಮಾಡಿದೆ. ಪ್ಯಾಕೆಟ್ ಹರಿಯುವ ಸದ್ದು ಹೊರಗೆ ಕೇಳಬಾರದು ಅಂತ ನಲ್ಲಿ ಬಿಡುತ್ತಿದ್ದೆ. ಬಕೆಟ್ ತುಂಬಿ ಹರಿದರೂ ನಿಲ್ಲಿಸುತ್ತಿರಲಿಲ್ಲ. ಕವರ್ ಮಡಚಿ ಕಿಟಕಿ ಸಂದಿಗೆ ತುರುಕುತ್ತಿದ್ದೆ. ಒಂದು ದಿನ ಕಿಟಕಿ ಒರೆಸುವಾಗ ಅಮ್ಮನಿಗೆ ನಲವತ್ತೋ ಐವತ್ತೋ ಕವರ್ ಸಿಕ್ಕವು. ಅವರು ಬಯ್ಯಲಿಲ್ಲ, ಸುಮ್ಮನೆ ಅಲ್ಲೇ ಕೂತುಬಿಟ್ಟರು.

ಬೀಗ ಹಾಕಬೇಡಿ ಅಕ್ಕಾ. ಮನೆಗೆ ತರುವುದನ್ನೇ ಕಡಿಮೆ ಮಾಡಿ, ಎಲ್ಲರಿಗೂ. ಅವನ ತಟ್ಟೆ ಬೇರೆ, ನಿಮ್ಮ ತಟ್ಟೆ ಬೇರೆ ಆಗಬಾರದು.

ಲ್ಯಾಬ್ ಕೋಟು · ಸಂಜೆ 5:58

ನನ್ನ ಜೇಬಿನ ಕಥೆಗೆ ನಕ್ಕಿದ್ದೆ. ಈಗ ಒಂಥರಾ ಆಯಿತು.

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ಸಂಜೆ 6:30

ಗುಂಡಣ್ಣ ಬರೆದಿದ್ದನ್ನು ನನ್ನ ಕ್ಲಿನಿಕ್ಕಿನಲ್ಲಿ ಅಂಟಿಸಬೇಕು ಅನಿಸಿತು. "ದಪ್ಪ" ಅಂತ ಹೀಯಾಳಿಸಿ ತೂಕ ಇಳಿದ ಮಗುವನ್ನು ನಾನು ಕಂಡಿಲ್ಲ. ಕದ್ದು ತಿನ್ನಲು ಕಲಿತ ಮಕ್ಕಳನ್ನು ಕಂಡಿದ್ದೇನೆ.

ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸಬೇಕಾಗೇ ಇರುವುದಿಲ್ಲ. ತೂಕ ನಿಂತಲ್ಲೇ ನಿಂತು ಎತ್ತರ ಏರಿದರೆ ಸಾಕು. ತೂಕದ ಮಷಿನ್ ಮೇಲೆ ದಿನಾ ಹತ್ತಿಸಬೇಡಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವ ಒಂದು ಸುಲಭ ಲೆಕ್ಕ ಇದೆ. ತಿಂಗಳಿಗೊಮ್ಮೆ ದಾರ ಹಿಡಿದು ನೋಡಿದರೂ ಗೊತ್ತಾಗುತ್ತದೆ.

ಮೂರು ಮಕ್ಕಳ ಅಪ್ಪ · ರಾತ್ರಿ 8:12

ಡಾಕ್ಟ್ರೇ, ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರೆ ಮುಗಿಯಿತಲ್ಲ? ಇಷ್ಟೆಲ್ಲಾ ಯಾಕೆ?

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ರಾತ್ರಿ 8:40

ಮುಗಿಯುವುದಿಲ್ಲ. 10 ವರ್ಷ ದಾಟಿದ ಮಕ್ಕಳಿಗೆ ಟೈಪ್ 2 ಡಯಾಬಿಟಿಸ್ ಬಂದರೆ ಮೆಟ್‌ಫಾರ್ಮಿನ್ ಕೊಡುತ್ತೇವೆ. ಬರೀ ರೆಸಿಸ್ಟೆನ್ಸ್ ಇದ್ದಾಗ ಮೊದಲ ಮದ್ದು ಊಟ, ಆಟ, ನಿದ್ದೆ. ಅಮೆರಿಕದ "ಟುಡೇ" ಅಧ್ಯಯನದಲ್ಲಿ 10ರಿಂದ 17 ವಯಸ್ಸಿನ, ಆಗಲೇ ಟೈಪ್ 2 ಬಂದಿದ್ದ 699 ಮಕ್ಕಳಿದ್ದರು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಅರ್ಧದಷ್ಟು ಮಕ್ಕಳ ಶುಗರ್ ಹತೋಟಿ ತಪ್ಪಿತು. ದೊಡ್ಡವರಿಗಿಂತ ಮಕ್ಕಳಲ್ಲಿ ಪ್ಯಾಂಕ್ರಿಯಾಸ್ ಬೇಗ ಸೋಲುತ್ತದೆ. ಅದಕ್ಕೇ ಆ ಹಂತಕ್ಕೆ ಹೋಗುವ ಮೊದಲೇ ಇಷ್ಟೆಲ್ಲಾ.

ನಿದ್ದೆಗೆಟ್ಟವಳು · ಮೂರು ದಿನದ ಮೇಲೆ, ರಾತ್ರಿ 10:20

ಎಲ್ಲಾ ಓದಿದೆ, ಗುಂಡಣ್ಣ ಬರೆದಿದ್ದನ್ನು ಎರಡು ಸಲ. ನಮ್ಮ ಮನೆಯಲ್ಲೂ ಕಪಾಟಿನ ಬೀಗದ ಮಾತು ನಡೆದಿತ್ತು.

ಎರಡು ದಿನ ಮಗನಿಗೆ ಏನೂ ಹೇಳದೆ, ಮನೆಗೆ ಏನೇನು ಬರುತ್ತದೆ ಅಂತ ಬರೆದಿಟ್ಟೆ. ಊಟದಲ್ಲಿ ಅಂಥ ತೊಂದರೆ ಇಲ್ಲ. ತೊಂದರೆ ಇರುವುದು ಊಟದ ನಡುವೆ. ಶಾಲೆಯಿಂದ ಬಂದ ತಕ್ಷಣ ಜ್ಯೂಸು, ಟಿವಿ ಮುಂದೆ ಬಿಸ್ಕೆಟ್ಟು, ಮಲಗುವಾಗ ಪುಡಿ ಕಲಸಿದ ಹಾಲು. ಜ್ಯೂಸು ಹಣ್ಣಿಂದೇ ಅಲ್ವಾ, ಒಳ್ಳೆಯದು ಅಂತ ನಾನೇ ತರುತ್ತಿದ್ದೆ. ಬಾಟಲಿ ತಿರುಗಿಸಿ ನೋಡಿದೆ. 100 ಎಂಎಲ್‌ಗೆ 11 ಗ್ರಾಂ ಸಕ್ಕರೆ. ಅರ್ಧ ಲೀಟರ್ ಬಾಟಲಿ, ಅಂದರೆ 55 ಗ್ರಾಂ. ಚಮಚಕ್ಕೆ 4 ಗ್ರಾಂ ಅಂತ ಲೆಕ್ಕ ಹಾಕಿ ಒಂದು ಸ್ಟೀಲ್ ತಟ್ಟೆಗೆ ಸಕ್ಕರೆ ಸುರಿದೆ. ಹದಿನಾಲ್ಕು ಚಮಚಕ್ಕೆ ಸ್ವಲ್ಪ ಕಮ್ಮಿ. ತಟ್ಟೆಯ ನಡುವೆ ಗುಡ್ಡೆ ಆಯಿತು. ಅದನ್ನು ಊಟದ ಮೇಜಿನ ಮೇಲೆ ಹಾಗೇ ಇಟ್ಟೆ. ನಮ್ಮವರು ಬಂದು "ಏನಿದು, ಇರುವೆ ಬರಲ್ವಾ?" ಅಂದರು. ಬಾಟಲಿ ತೋರಿಸಿದೆ. ಮಾತಾಡಲಿಲ್ಲ. ಫ್ರಿಜ್ಜಿನಲ್ಲಿದ್ದ ಬಾಟಲಿಗಳಲ್ಲಿ ಅರ್ಧ ಅವರದೇ.

ಡಬ್ಬಿ ತಿರುಗಿಸುವವಳು · ರಾತ್ರಿ 10:31

ತಟ್ಟೆಗೆ ಸುರಿದಿದ್ದು ಸೂಪರ್! ಅಮೆರಿಕದ ಹೃದಯ ಸಂಘ 2016ರಲ್ಲಿ ಹೇಳಿದ್ದು 2ರಿಂದ 18 ವರ್ಷದವರಿಗೆ ಇಡೀ ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿರಬೇಕು ಅಂತ. "ಸಕ್ಕರೆ ಸೇರಿಸಿಲ್ಲ" ಅಂತ ಬರೆದ ಜ್ಯೂಸನ್ನು ಕೆಲವರು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜ್ಯೂಸಿನ ಸಕ್ಕರೆಯೂ ನಿಯಂತ್ರಿಸಬೇಕಾದ ಸಕ್ಕರೆಯೇ. ಹಣ್ಣು ಜಗಿದು ತಿನ್ನಲಿ, ಅದಕ್ಕೆ ಅಡ್ಡಿ ಇಲ್ಲ. ಒಂದು ಲೋಟ ಜ್ಯೂಸಿಗೆ ಮೂರು ನಾಲ್ಕು ಕಿತ್ತಳೆ ಬೇಕು. ಕೂತು ನಾಲ್ಕು ಕಿತ್ತಳೆ ತಿನ್ನುವ ಮಗುವನ್ನು ತೋರಿಸಿ.

ರಜೆಯಲ್ಲಿರುವ ಮಕ್ಕಳ ಡಾಕ್ಟರ್ · ರಾತ್ರಿ 10:50

ರಜೆ ಮುಗಿಯಿತು, ನಾಳೆ ಡ್ಯೂಟಿ. ಶುರು ಮಾಡಬೇಕಾದ ಜಾಗ ನೀವೇ ಕಂಡುಹಿಡಿದಿರಿ, ಕುಡಿಯುವ ಸಕ್ಕರೆ. ನೆದರ್‌ಲ್ಯಾಂಡ್ಸಿನಲ್ಲಿ 641 ಮಕ್ಕಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಒಂದು 250 ಎಂಎಲ್ ಸಿಹಿ ಪಾನೀಯವನ್ನು ಸಕ್ಕರೆ ಇಲ್ಲದ್ದಕ್ಕೆ ಬದಲಿಸಿದರು, ಬೇರೇನೂ ಮಾಡಲಿಲ್ಲ. 18 ತಿಂಗಳಲ್ಲಿ ಸಕ್ಕರೆ ಪಾನೀಯ ಕುಡಿದವರು 7.37 ಕೆಜಿ, ಸಕ್ಕರೆ ಇಲ್ಲದ್ದು ಕುಡಿದವರು 6.35 ಕೆಜಿ ಏರಿದರು. ಒಂದು ಲೋಟಕ್ಕೆ ಒಂದು ಕೆಜಿ. ನಿಮ್ಮ ಮನೆಯಲ್ಲಿ ನೀರೇ ಸಾಕು.

ಸೊನ್ನೆ ಸಕ್ಕರೆ · ರಾತ್ರಿ 10:55

ಶಾಲೆಯಿಂದ ಬಂದ ತಕ್ಷಣ ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಕೊಡಿ. ಇದಕ್ಕಾದರೂ ತಕ್ಕಡಿಯವರು ಒಪ್ಪುತ್ತಾರಾ?

ತಕ್ಕಡಿ · ರಾತ್ರಿ 10:57

ಒಪ್ಪಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಅನ್ನ ಆರಿಸುವವ · ರಾತ್ರಿ 11:02

ಮೊಟ್ಟೆ ಬೇಯಿಸಿದಾಗ ಸಿಪ್ಪೆ ಅಂಟಿಕೊಳ್ಳದ ಹಾಗೆ ಹೇಗೆ ಮಾಡುವುದು?

ಮೇಲ್ವಿಚಾರಕ · ರಾತ್ರಿ 11:05

ಅದಕ್ಕೆ ಅಡುಗೆ ವಿಭಾಗ ಇದೆ.

ಬೆಳ್ಳುಳ್ಳಿ ಬುಟ್ಟಿ · ರಾತ್ರಿ 11:06

ತಕ್ಷಣ ತಣ್ಣೀರಿಗೆ ಹಾಕಿ. (ಕ್ಷಮಿಸಿ ಮೇಲ್ವಿಚಾರಕರೇ.)

ನಿದ್ದೆಗೆಟ್ಟವಳು · ಮೂರು ತಿಂಗಳ ಮೇಲೆ, ರಾತ್ರಿ 9:15

ನೆನಪಿದೆಯಾ? ಇವತ್ತು ತೋರಿಸಿಕೊಂಡು ಬಂದೆವು. ತೂಕ ಮೊದಲಿನಷ್ಟೇ, 300 ಗ್ರಾಂ ಜಾಸ್ತಿ. ಎತ್ತರ ಒಂದೂವರೆ ಸೆಂಟಿಮೀಟರ್ ಏರಿದೆ. ಸೊಂಟ ಎರಡು ಸೆಂಟಿಮೀಟರ್ ಇಳಿದಿದೆ. ಎಎಲ್‌ಟಿ ಸ್ವಲ್ಪ ಜಾಸ್ತಿ ಇದೆ, ಆರು ತಿಂಗಳಿಗೆ ಮತ್ತೆ ನೋಡೋಣ ಅಂದರು. ಇನ್ಸುಲಿನ್ ಟೆಸ್ಟ್ ಈ ಸಲ ಬೇಡ ಅಂದರು, ಲ್ಯಾಬ್ ಕೋಟು ನೆನಪಾದರು. ಕತ್ತು ಹಾಗೇ ಇದೆ. ನನಗೆ ಒಂದು ಚೂರು ತಿಳಿಯಾದ ಹಾಗೆ ಕಾಣುತ್ತದೆ, ಡಾಕ್ಟರಿಗೆ ಕಾಣಲಿಲ್ಲ.

ಎಲ್ಲಾ ದಿನ ಸರಿಯಾಗಿ ನಡೆಯಿತು ಅಂತಲ್ಲ. ಶಾಲೆಗೆ ರಜೆ ಇದ್ದ ಎರಡು ವಾರ ಬಿಸ್ಕೆಟ್ ಮತ್ತೆ ಬಂತು. ಆಮೇಲೆ ನಿಂತಿತು. ಸಂಜೆ ಅವನು, ನಾನು ಸೈಕಲ್ ತೆಗೆದುಕೊಂಡು ಹೋಗುತ್ತೇವೆ. ನನಗೇ ಏದುಸಿರು, ಅವನು ಮುಂದೆ ಹೋಗಿ ನಿಂತು ಕಾಯುತ್ತಾನೆ.

ಒಂದು ತಮಾಷೆ. ಹೋದ ಭಾನುವಾರ ಕಾರು ತೊಳೆಯುತ್ತಿದ್ದ ಮಗ ಡ್ರೈವರ್ ಸೀಟಿನ ಕೆಳಗಿಂದ ಒಂದೊಂದಾಗಿ ಆರು ಖಾಲಿ ಜ್ಯೂಸ್ ಬಾಟಲಿ ತೆಗೆದು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದ. ಅಪ್ಪನನ್ನು ಕರೆದು, "ಕತ್ತು ತೋರಿಸಪ್ಪ" ಅಂದ.

ಲ್ಯಾಬ್ ಕೋಟು · ರಾತ್ರಿ 9:22

ಅಪ್ಪನನ್ನು ನಾಳೆ ಖಾಲಿ ಹೊಟ್ಟೆಯಲ್ಲಿ ಕಳಿಸಿ. ಜೇಬು ನೋಡಿ ಕಳಿಸಿ.